ಡಬ್ಬಿಯಿಲ್ಲದ ಹುಡುಕಾಟ: ಲಾಲ್‌ಬಾಗ್‌ನ ಕೆರೆ, ಬಂಡೆ, ಗೋಪುರಕ್ಕೆ ಜಿಯೋಕ್ಯಾಶಿಂಗ್ ಹೊರಟವರಿಗೆ

ಜಿಯೋಕ್ಯಾಶಿಂಗ್ ಕಲಿಯುವುದಕ್ಕೆ ಬೆಂಗಳೂರಿನಲ್ಲಿ ಲಾಲ್‌ಬಾಗ್‌ಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಆದರೆ ಡಬ್ಬಿ ಸಿಕ್ಕೇ ಸಿಗಬೇಕು ಎಂದು ಹಟ ಹಿಡಿದು ಅಲ್ಲಿಗೆ ಹೋಗುವವರಿಗೆ ಈ ಲೇಖನ ಅಷ್ಟಾಗಿ ಉಪಯೋಗವಾಗಲಿಕ್ಕಿಲ್ಲ. ಅಲ್ಲಿ ನೋಡಬೇಕಾದದ್ದನ್ನು ಯಾರೂ ಬಚ್ಚಿಟ್ಟಿಲ್ಲ. ಸುಮಾರು 300 ಕೋಟಿ ವರ್ಷಗಳ ಬಂಡೆ, ಅದರ ನೆತ್ತಿಯ ಮೇಲೆ ಕೆಂಪೇಗೌಡರ ಕಾಲದ ಗೋಪುರ, ತೋಟದ ದಕ್ಷಿಣ ಭಾಗದಲ್ಲಿ ಕೆರೆ, ಎಲ್ಲವೂ ಬಟಾಬಯಲಿನಲ್ಲೇ ಇವೆ. ಅವುಗಳ ಪಕ್ಕದಲ್ಲಿ ದಿನವೂ ಓಡಾಡುವವರೂ ಕಾಣದೆ ಹೋಗುವುದನ್ನು ಕಾಣುವಂತೆ ಮಾಡುವುದು ಈ ಆಟದ ಹೆಚ್ಚುಗಾರಿಕೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಬ್ಬರು ಸಣ್ಣ ಡಬ್ಬಿಯೊಂದನ್ನು ಎಲ್ಲೋ ಅಡಗಿಸಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಜಾಲತಾಣದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಮೊಬೈಲ್ ಹಿಡಿದು ಹೋಗಿ, ಹುಡುಕಿ, ಒಳಗಿನ ಕಾಗದದಲ್ಲಿ ತಮ್ಮ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬರುತ್ತಾರೆ. ಹೀಗೆ ಹುಡುಕಬೇಕಾದ ಡಬ್ಬಿ ಅಥವಾ ಜಾಗಕ್ಕೆ ಈ ಆಟದಲ್ಲಿ ‘ಕ್ಯಾಶ್’ ಎನ್ನುತ್ತಾರೆ. ನಾಗರಿಕರಿಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ನೆಯ ಇಸವಿಯ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಸಂಕೇತ ನಿಖರವಾದದ್ದೇ ತಡ, ಮೇ 3ರಂದು ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡಿನಂಚಿನಲ್ಲಿ ಒಂದು ಬಕೆಟ್ ಇಟ್ಟು ಅದರ ಸ್ಥಾನವನ್ನು ಅಂತರಜಾಲದಲ್ಲಿ ಬರೆದರು. ಅದರೊಳಗೆ ಪುಸ್ತಕ, ಕವಣೆ, ಜೊತೆಗೆ ಒಂದು ಡಬ್ಬ ಬೇಯಿಸಿದ ಹುರುಳಿಕಾಯಿ ಬೀಜವೂ ಇತ್ತು. ಡಬ್ಬಿಯಲ್ಲಿ ತಿನ್ನುವ ಪದಾರ್ಥ ಇಡಬಾರದು ಎಂಬ ನಿಯಮ ಆಮೇಲೆ ಬಂತು. ಇರುವೆ, ಇಲಿ, ಅಳಿಲುಗಳ ಊರಾದ ನಮಗಂತೂ ಆ ನಿಯಮ ಬೇಕೇ ಬೇಕು.

ಹಿಂದಿನ ದಿನ: ಮನೆಯಲ್ಲೇ ಮಾಡಬೇಕಾದ ಕೆಲಸ

ಮೊಬೈಲಿನಲ್ಲಿ ಜಿಯೋಕ್ಯಾಶಿಂಗ್ ಸಂಸ್ಥೆಯ ಅಧಿಕೃತ ಆ್ಯಪ್ ಹಾಕಿಕೊಂಡು ಖಾತೆ ತೆರೆಯಿರಿ. ಆಂಡ್ರಾಯ್ಡ್ ಫೋನಿನವರಿಗೆ ಸಿ:ಜಿಯೋ ಎಂಬ ಉಚಿತ ಆ್ಯಪ್ ಕೂಡ ಇದೆ. ಕೆಲವು ಕ್ಯಾಶ್‌ಗಳು ಹಣ ಕಟ್ಟಿದ ಸದಸ್ಯರಿಗೆ ಮಾತ್ರ ಕಾಣುತ್ತವೆ. ಮೊದಲ ದಿನವೇ ಹಣ ಕಟ್ಟುವ ಅಗತ್ಯವಿಲ್ಲ.

ನಕ್ಷೆಯಲ್ಲಿ ಲಾಲ್‌ಬಾಗ್‌ ಸುತ್ತಮುತ್ತ ಏನಿದೆ ಎಂದು ನೋಡಿ. ಯಾವ ಕ್ಯಾಶ್ ಎಲ್ಲಿದೆ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಡಬ್ಬಿಗಳು ಕಳೆದುಹೋಗುತ್ತವೆ, ಮಳೆಗೆ ಹಾಳಾಗುತ್ತವೆ, ಇಟ್ಟವರು ಊರು ಬಿಡುತ್ತಾರೆ. ಹೊರಡುವ ಮುನ್ನ ನೋಡಬೇಕಾದದ್ದು ಮೂರು ಸಂಗತಿ: ಕ್ಯಾಶ್ ಈಗ ಚಾಲ್ತಿಯಲ್ಲಿದೆಯೇ, ಕೊನೆಯ ಬಾರಿ ಯಾರಿಗಾದರೂ ಸಿಕ್ಕಿದ್ದು ಯಾವಾಗ, ಮತ್ತು ಅದು ಯಾವ ಬಗೆಯದು. ಸತತವಾಗಿ ಐದಾರು ಜನ ‘ಸಿಗಲಿಲ್ಲ’ ಎಂದು ಬರೆದಿದ್ದರೆ ಆ ಡಬ್ಬಿಯನ್ನು ಮರೆತುಬಿಡಿ. ಕಷ್ಟದ ಮಟ್ಟ, ದಾರಿಯ ಕಠಿಣತೆ ಎರಡಕ್ಕೂ 1ರಿಂದ 5ರವರೆಗೆ ಅಂಕ ಕೊಟ್ಟಿರುತ್ತಾರೆ. ಮಕ್ಕಳ ಜೊತೆ ಹೋಗುವವರು ಎರಡನ್ನೂ 2ರೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಬಗೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಟ್ಟ ಜಾಗಕ್ಕೆ ನೇರವಾಗಿ ಹೋದರೆ ಡಬ್ಬಿ ಸಿಗುವುದು ಸಾಂಪ್ರದಾಯಿಕ ಕ್ಯಾಶ್. ಒಂದು ಜಾಗದ ಸುಳಿವು ಇನ್ನೊಂದು ಜಾಗಕ್ಕೆ ಕರೆದೊಯ್ಯುವುದು ಬಹುಹಂತದ ಕ್ಯಾಶ್. ಗಾಜಿನ ಮನೆಗೆ ಶಂಕುಸ್ಥಾಪನೆಯಾದ ಇಸವಿಯ ಕೊನೆಯ ಎರಡು ಅಂಕೆಗಳನ್ನು ಇಂಥ ಸಂಖ್ಯೆಗೆ ಕೂಡಿಸಿ ಎಂಬಂತಹ ಲೆಕ್ಕಗಳು ಅದರಲ್ಲಿ ಬರುತ್ತವೆ. ಆ ಇಸವಿ 1889. ವರ್ಚುವಲ್ ಕ್ಯಾಶ್‌ನಲ್ಲಿ ಡಬ್ಬಿಯೇ ಇರುವುದಿಲ್ಲ, ಸ್ಥಳದಲ್ಲಿ ಏನನ್ನೋ ನೋಡಿ ಉತ್ತರ ಕಳುಹಿಸಬೇಕು. ನನ್ನ ಮೆಚ್ಚಿನದು ಅರ್ಥ್‌ಕ್ಯಾಶ್. ಅಮೆರಿಕದ ಭೂವಿಜ್ಞಾನ ಸೊಸೈಟಿಯ ಬೆಂಬಲದಿಂದ 2004ರಲ್ಲಿ ಶುರುವಾದ ಇದರಲ್ಲೂ ಡಬ್ಬಿ ಇರುವುದಿಲ್ಲ. ಕಲ್ಲು, ನೆಲ, ನೀರನ್ನು ಗಮನಿಸಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಲಾಲ್‌ಬಾಗ್‌ನಂತಹ ಜಾಗಕ್ಕೆ ಇದೇ ಒಗ್ಗುತ್ತದೆ. ಸ್ಮಾರಕದ ಸಂದಿಗೊಂದಿಯಲ್ಲಿ ಪ್ಲಾಸ್ಟಿಕ್ ಡಬ್ಬಿ ತುರುಕುವುದು ನನಗೆ ಒಪ್ಪಿಗೆಯಿಲ್ಲದ ಕೆಲಸ.

ನಕ್ಷೆಯಲ್ಲಿ ನಿಮಗೆ ಹೊಂದುವಂಥದ್ದು ಏನೂ ಕಾಣಲಿಲ್ಲವೇ? ಹಾಗಿದ್ದರೂ ಹೊರಡಿ. ಮನೆಯ ಹಿರಿಯರೊಬ್ಬರು ನಾಲ್ಕೈದು ಜಾಗಗಳ ಅಕ್ಷಾಂಶ, ರೇಖಾಂಶಗಳನ್ನು ಚೀಟಿಯಲ್ಲಿ ಬರೆದು, ಒಂದೊಂದಕ್ಕೂ ಒಂದು ಪ್ರಶ್ನೆ ಹಾಕಿ ಮಕ್ಕಳ ಕೈಗೆ ಕೊಟ್ಟರೆ ಸಾಕು. ಮುಂದೆ ಹೇಳುವ ಹಂತಗಳು ಅಂಥ ಮನೆಯಾಟಕ್ಕೂ ಹೊಂದುತ್ತವೆ.

ಅಂಕೆಗಳನ್ನು ಓದುವುದು: ಹೆಚ್ಚಿನವರು ಎಡವುವ ಜಾಗ

ಜಿಯೋಕ್ಯಾಶಿಂಗ್‌ನಲ್ಲಿ ಸ್ಥಾನವನ್ನು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳಲ್ಲಿ ಬರೆಯುವುದು ರೂಢಿ. ಮೊಬೈಲಿನ ಸಾಮಾನ್ಯ ನಕ್ಷೆಗಳು ದಶಮಾಂಶ ಡಿಗ್ರಿಯನ್ನು ತೋರಿಸುತ್ತವೆ. ಲಾಲ್‌ಬಾಗ್‌ ಇರುವುದು ಸುಮಾರು 12.95 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅದನ್ನೇ 12 ಡಿಗ್ರಿ 57 ಮಿನಿಟು ಎಂದೂ ಬರೆಯಬಹುದು, ಏಕೆಂದರೆ ಒಂದು ಡಿಗ್ರಿಗೆ 60 ಮಿನಿಟು, 0.95ನ್ನು 60ರಿಂದ ಗುಣಿಸಿದರೆ 57. ರೇಖಾಂಶ ಸುಮಾರು 77 ಡಿಗ್ರಿ 35 ಮಿನಿಟು. ಇವನ್ನು ಅವಸರದಲ್ಲಿ 12.57, 77.35 ಎಂದು ಟೈಪ್ ಮಾಡಿದರೆ ಮೊಬೈಲ್ ನಿಮ್ಮನ್ನು ಕನಕಪುರದ ಆಸುಪಾಸಿಗೆ ಕಳುಹಿಸುತ್ತದೆ. ಆ ಕಡೆಯೂ ಒಳ್ಳೆಯ ಬಂಡೆಗಳಿವೆ ನಿಜ, ಆದರೆ ಅದು ಬೇರೆ ದಿನದ ಪ್ರವಾಸ.

ಅಕ್ಷಾಂಶದ ಒಂದು ಮಿನಿಟು ಎಂದರೆ ನೆಲದ ಮೇಲೆ ಸುಮಾರು 1.85 ಕಿಲೋಮೀಟರ್. ಮಿನಿಟಿನ ಮೂರನೆಯ ದಶಮಾಂಶ ಸ್ಥಾನದಲ್ಲಿ ಒಂದಂಕೆ ಬದಲಾದರೆ ಎರಡು ಮೀಟರಿಗೂ ಕಡಿಮೆ ವ್ಯತ್ಯಾಸವಾಗುತ್ತದೆ. ಬಯಲಿನಲ್ಲಿ ಸಾಮಾನ್ಯ ಮೊಬೈಲಿನ ನಿಖರತೆ 5 ಮೀಟರ್ ತ್ರಿಜ್ಯದ ಆಸುಪಾಸು. ಆದ್ದರಿಂದ ಮೂರನೆಯ ದಶಮಾಂಶದ ಹಿಂದೆ ಬಿದ್ದು ಒಂದೊಂದೇ ಹೆಜ್ಜೆ ಅಳೆಯುತ್ತ ಕೂರುವುದು ವ್ಯರ್ಥ. ಮೊಬೈಲ್ ನಿಮ್ಮನ್ನು ಒಂದು ಸಣ್ಣ ಅಂಗಳದವರೆಗೆ ಕರೆತರುತ್ತದೆ, ಉಳಿದದ್ದು ಕಣ್ಣಿನ ಕೆಲಸ.

ಅಂದ ಹಾಗೆ, ನೆಲ ಅಳೆಯುವ ವಿದ್ಯೆಗೂ ಈ ಊರಿಗೂ ಹಳೆಯ ನಂಟಿದೆ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ತಮ್ಮ ತ್ರಿಕೋನಮಿತಿ ಸರ್ವೆಗೆಂದು 1800ರಲ್ಲಿ ಉಕ್ಕಿನ ಸರಪಳಿ ಹಿಡಿದು ಆಧಾರರೇಖೆ ಅಳೆದದ್ದು ಬೆಂಗಳೂರಿನ ಬಳಿಯೇ. ಇಂದು ಜೇಬಿನಲ್ಲಿರುವ ಫೋನು ಕ್ಷಣದಲ್ಲಿ ಕೊಡುವ ಅಂಕೆಗಾಗಿ ಆಗ ಒಂದು ದಂಡೇ ಬಿಸಿಲಿನಲ್ಲಿ ವಾರಗಟ್ಟಲೆ ದುಡಿಯಬೇಕಿತ್ತು.

ಏನೇನು ಒಯ್ಯಬೇಕು, ಯಾವಾಗ ಹೋಗಬೇಕು

ಪೂರ್ತಿ ಚಾರ್ಜ್ ಆದ ಫೋನು, ಪವರ್ ಬ್ಯಾಂಕ್, ಪೆನ್ನಿನ ಜೊತೆ ಒಂದು ಪೆನ್ಸಿಲು (ಒದ್ದೆ ಕಾಗದದ ಮೇಲೆ ಪೆನ್ನು ಮೂಡುವುದಿಲ್ಲ), ಬೆರಳುಗುರಿನಷ್ಟು ಸಣ್ಣ ಡಬ್ಬಿಯಿಂದ ಕಾಗದದ ಸುರುಳಿ ತೆಗೆಯಲು ಚಿಮಟ, ನೀರಿನ ಬಾಟಲಿ, ಟೋಪಿ, ಹಿಡಿತವಿರುವ ಶೂ. ಇಷ್ಟು ಸಾಕು. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಕೈಕೊಟ್ಟರೂ ತೊಂದರೆಯಿಲ್ಲ.

ತೋಟ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಸಂಜೆ 7ಕ್ಕೆ ಮುಚ್ಚುತ್ತದೆ. ಏಳು ಗಂಟೆಯೊಳಗೆ ಒಳಗಿರುವುದು ಜಾಣತನ. ಹತ್ತರ ಹೊತ್ತಿಗೆ ಬಂಡೆ ಕಾದ ಹೆಂಚು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಈ ಆಟದ ಯೋಚನೆಯನ್ನೇ ಬಿಡಿ. ಅಷ್ಟು ಜನರ ನಡುವೆ ನಿಮ್ಮ ಮಕ್ಕಳನ್ನು ಹುಡುಕುವುದೇ ದೊಡ್ಡ ಕ್ಯಾಶ್ ಆದೀತು. ನಮ್ಮ ಮೆಟ್ರೋದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರ. ಕಾರು ತರುವುದಕ್ಕಿಂತ ಇದೇ ನೆಮ್ಮದಿ.

ಮೊದಲ ಹಂತ: ಕೆರೆಯ ದಡದಲ್ಲಿ

ನೇರವಾಗಿ ಬಂಡೆಗೆ ಓಡಬೇಡಿ. ಪಶ್ಚಿಮ ದ್ವಾರದಿಂದ ಬಂದು ದಕ್ಷಿಣದ ಕಡೆಗೆ ತಿರುಗಿ ಕೆರೆಯ ದಂಡೆಗೆ ಹೋಗಿ. ಅಲ್ಲಿ ತೆರೆದ ಆಕಾಶ ಸಿಗುವ ಜಾಗದಲ್ಲಿ ಒಂದೆರಡು ನಿಮಿಷ ಸುಮ್ಮನೆ ನಿಲ್ಲಿ, ಫೋನು ಉಪಗ್ರಹಗಳನ್ನು ಹಿಡಿಯಲಿ. ಈಗಿನ ಹಲವು ಫೋನುಗಳು ಅಮೆರಿಕದ ಜಿಪಿಎಸ್ ಜೊತೆಗೆ ಇಸ್ರೋದ ನಾವಿಕ್ ಉಪಗ್ರಹಗಳ ಸಂಕೇತವನ್ನೂ ಬಳಸುತ್ತವೆ. ಆಮೇಲೆ ದೊಡ್ಡ ಮರವೊಂದರ ದಟ್ಟ ನೆರಳಿಗೆ ನಡೆದು ಮತ್ತೆ ನೋಡಿ. ಬಾಣದ ಗುರುತು ಅತ್ತಿತ್ತ ಜಿಗಿಯುವುದು ಕಾಣುತ್ತದೆ. ಎಲೆ, ಕೊಂಬೆಗಳು ಸಂಕೇತವನ್ನು ದುರ್ಬಲಗೊಳಿಸುತ್ತವೆ, ಕಟ್ಟಡ, ಬಂಡೆಗಳಿಗೆ ಬಡಿದು ಬರುವ ಸಂಕೇತ ತಡವಾಗಿ ತಲುಪಿ ದೂರದ ಲೆಕ್ಕವನ್ನು ಕೆಡಿಸುತ್ತದೆ. ಮರದಡಿಯ ಕ್ಯಾಶ್ ಹುಡುಕುವಾಗ ಮಾಡಬೇಕಾದದ್ದು ಇಷ್ಟೇ: ಬಯಲಿನಲ್ಲಿ ನಿಂತು ದಿಕ್ಕು, ದೂರ ನೋಡಿಕೊಂಡು, ಹೆಜ್ಜೆ ಎಣಿಸುತ್ತ ಒಳಗೆ ನಡೆಯುವುದು. ಇದನ್ನು ಎರಡು ಮೂರು ದಿಕ್ಕಿನಿಂದ ಮಾಡಿದರೆ ಗೆರೆಗಳು ಕೂಡುವ ಜಾಗ ತಾನೇ ಗೊತ್ತಾಗುತ್ತದೆ.

ಇಲ್ಲಿಯೇ ಎತ್ತರವನ್ನೂ ನೋಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಕೆಲವು ಆ್ಯಪ್‌ಗಳು ಅದಕ್ಕಿಂತ 80–90 ಮೀಟರ್ ಕಡಿಮೆ ತೋರಿಸುತ್ತವೆ. ಫೋನು ಕೆಟ್ಟಿಲ್ಲ. ಉಪಗ್ರಹಗಳ ಲೆಕ್ಕದಲ್ಲಿ ಭೂಮಿ ನಯವಾದ ದೀರ್ಘಗೋಲ. ನಿಜವಾದ ಸಮುದ್ರ ಮಟ್ಟ ಗುರುತ್ವದ ಏರುಪೇರಿಗೆ ತಕ್ಕಂತೆ ಅದಕ್ಕಿಂತ ಮೇಲೆ, ಕೆಳಗೆ ಆಗುತ್ತದೆ, ದಕ್ಷಿಣ ಭಾರತದಲ್ಲಿ ಬಹಳವೇ ಕೆಳಗೆ. ಆ ವ್ಯತ್ಯಾಸವನ್ನು ಸರಿಪಡಿಸದ ಆ್ಯಪ್ ಕಡಿಮೆ ಅಂಕೆ ಕೊಡುತ್ತದೆ.

ಕೆರೆಯ ಬಳಿ ಮಕ್ಕಳಿಗೆ ಕೇಳಬಹುದಾದ ಪ್ರಶ್ನೆಗಳು: ಏರಿ ಯಾವ ಬದಿಯಲ್ಲಿದೆ? ನೀರು ಯಾವ ಕಡೆಯಿಂದ ಇಳಿದು ಬರುವಂತಿದೆ? ತುಂಬಿ ಹೆಚ್ಚಾದರೆ ಎಲ್ಲಿಂದ ಕೋಡಿ ಹರಿಯಬೇಕು? ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಊರು ಕುಳಿತಿರುವುದು ದಿಬ್ಬದ ಮೇಲೆ, ಒಂದು ಪಕ್ಕದ ನೀರು ಅರ್ಕಾವತಿಯ ಕಡೆಗೂ ಇನ್ನೊಂದು ಪಕ್ಕದ್ದು ದಕ್ಷಿಣ ಪಿನಾಕಿನಿಯ ಕಡೆಗೂ ಇಳಿಯುತ್ತದೆ. ಹಾಗಾಗಿ ತಗ್ಗು ಸಿಕ್ಕಲ್ಲೆಲ್ಲ ಏರಿ ಕಟ್ಟಿ ನೀರು ನಿಲ್ಲಿಸಿದ ಊರು ಇದು. ನೀರುಕಾಗೆ, ಬೆಳ್ಳಕ್ಕಿಗಳು ಬೆಳಿಗ್ಗೆ ಇಲ್ಲಿ ಕಾಣಸಿಗುತ್ತವೆ. ದಡದ ಪೊದೆಗಳಲ್ಲಿ ಕೈ ಹಾಕಿ ಡಬ್ಬಿ ತಡಕಾಡುವುದು ಮಾತ್ರ ಬೇಡ. ಹಾವಿನ ಮಾತು ಒಂದು ಕಡೆ, ಹಕ್ಕಿಗಳ ಗೂಡಿನ ಮಾತು ಇನ್ನೊಂದು ಕಡೆ. ಕೊಂಬೆಗಳಲ್ಲಿ ಹೆಜ್ಜೇನು ತೂಗುತ್ತಿದ್ದರೆ ಆ ಮರದ ಸಹವಾಸವೇ ಬೇಡ.

ದಾರಿಯಲ್ಲಿ

ಕೆರೆಯಿಂದ ಬಂಡೆಗೆ ಹೋಗುವಾಗ ಗಾಜಿನ ಮನೆಯನ್ನು ಬಳಸಿ ಹೋಗಿ. 1760ರಲ್ಲಿ ಹೈದರಾಲಿ ಶುರು ಮಾಡಿ ಟಿಪ್ಪು ಬೆಳೆಸಿದ ತೋಟ ಈಗ 240 ಎಕರೆ ಹರಡಿಕೊಂಡಿದೆ. ಮರವಾಗಿದ್ದದ್ದು ಕಲ್ಲಾದ, ಸುಮಾರು ಎರಡು ಕೋಟಿ ವರ್ಷಗಳ ಪಳೆಯುಳಿಕೆಯೊಂದನ್ನು ತೋಟದಲ್ಲಿ ಇಟ್ಟಿದ್ದಾರೆ. ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಬಂಡೆಯ ವಯಸ್ಸಿನ ಮುಂದೆ ಅದು ಎಳೆಗೂಸು ಎಂಬುದು ಮುಂದಿನ ಹಂತದಲ್ಲಿ ಅರ್ಥವಾಗುತ್ತದೆ.

ಎರಡನೆಯ ಹಂತ: ಬಂಡೆಯನ್ನು ಓದುವುದು

ಇಲ್ಲಿ ನಿಧಾನಿಸಿ. ಇಡೀ ಪ್ರವಾಸದ ಅರ್ಧ ಸಮಯವನ್ನು ಇದಕ್ಕೇ ಇಟ್ಟುಕೊಳ್ಳಿ ಎನ್ನುತ್ತೇನೆ.

ಈ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರು. ನೈಸ್ ಎಂದರೆ ಬಿಸಿ, ಒತ್ತಡಗಳಿಗೆ ರೂಪ ಬದಲಿಸಿ ಪಟ್ಟೆಪಟ್ಟೆಯಾದ ಕಲ್ಲು. 1916ರಲ್ಲಿ ಆ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್. ದಕ್ಷಿಣ ಭಾರತದ ಬಹುಭಾಗದ ತಳಪಾಯ ಇದೇ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ದಿಬ್ಬವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕ ಹಾಕಿದೆ. ಮೊದಲು ಅದನ್ನು ಓದಿ, ಅರ್ಥ್‌ಕ್ಯಾಶ್‌ನ ಪ್ರಶ್ನೆಗಳಿಗೆ ಅರ್ಧ ಉತ್ತರ ಇಂಥ ಫಲಕಗಳಲ್ಲೇ ಇರುತ್ತದೆ. ಉಳಿದರ್ಧಕ್ಕೆ ಬಗ್ಗಿ ನೋಡಬೇಕು.

ಕಾಲಡಿಯಲ್ಲಿ ತಿಳಿ ಮತ್ತು ಕಪ್ಪು ಪಟ್ಟೆಗಳು ಕಾಣುತ್ತವೆ. ತಿಳಿ ಪಟ್ಟೆಯಲ್ಲಿ ಹೆಚ್ಚಾಗಿರುವುದು ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪಿನಲ್ಲಿ ಕಾಗೆಬಂಗಾರದ ಜಾತಿಯ ಬಯೋಟೈಟ್ ಮತ್ತು ಇನ್ನೊಂದು ಖನಿಜ ಹಾರ್ನ್‌ಬ್ಲೆಂಡ್. ಪಟ್ಟೆಗಳು ನೇರವಾಗಿ ಹೋಗದೆ ಬಾಗಿ, ಮಡಚಿಕೊಂಡಿರುವ ಜಾಗವನ್ನು ಹುಡುಕಿ. ನೆಲದಾಳದ ಬಿಸಿ ಮತ್ತು ಒತ್ತಡದಲ್ಲಿ ಕಲ್ಲು ಮೆದುವಾಗಿ ಹಿಸುಕಿಸಿಕೊಂಡ ಗುರುತು ಅದು. ಆಮೇಲೆ ಪಟ್ಟೆಗಳನ್ನು ಅಡ್ಡಡ್ಡ ಸೀಳಿಕೊಂಡು ಹೋಗುವ ಬಿಳಿಯ ಅಥವಾ ನಸುಗೆಂಪಿನ ಎಳೆಗಳನ್ನು ನೋಡಿ. ಯಾವುದು ಹಳೆಯದು, ಪಟ್ಟೆಯೋ ಎಳೆಯೋ? ಸೀಳಬೇಕಾದರೆ ಸೀಳಿಸಿಕೊಳ್ಳುವುದು ಮೊದಲೇ ಇರಬೇಕಲ್ಲ, ಹಾಗಾಗಿ ಎಳೆಯೇ ಕಿರಿಯದು. ಭೂವಿಜ್ಞಾನದ ಇಷ್ಟು ದೊಡ್ಡ ತತ್ವವನ್ನು ಐದನೆಯ ತರಗತಿಯ ಹುಡುಗಿ ತಾನಾಗಿ ಕಂಡುಕೊಳ್ಳಬಲ್ಲ ಜಾಗ ನಗರದ ನಡುವೆ ಇರುವುದು ನಮ್ಮ ಪುಣ್ಯ.

ಇನ್ನೂ ಎರಡು ಸಂಗತಿಗಳಿವೆ. ಬಂಡೆಯ ಮೇಲ್ಮೈ ಅಲ್ಲಲ್ಲಿ ಹಾಳೆಯಂತೆ ಪದರ ಬಿಟ್ಟು ಏಳುತ್ತಿರುತ್ತದೆ. ಮೇಲಿನ ಭಾರ ಇಳಿದು, ಬಿಸಿಲು ಮಳೆಗಳು ಕೆಲಸ ಮಾಡಿದ ಫಲ. ತಗ್ಗು ಬಿದ್ದ ಗುಳಿಗಳಲ್ಲಿ ಮಳೆಯ ನೀರು ನಿಂತು ಕಲ್ಲನ್ನು ಮತ್ತಷ್ಟು ಸವೆಸುತ್ತದೆ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಪೆನ್ನು ಅಥವಾ ನಾಣ್ಯ ಇಟ್ಟರೆ ಅಳತೆ ಗೊತ್ತಾಗುತ್ತದೆ.

ಚೂರು ಒಡೆದುಕೊಂಡು ಬರುವುದು, ಗೀಚುವುದು, ಬಾಣದ ಗುರುತು ಬಳಿಯುವುದು ಯಾವುದೂ ಕೂಡದು. ಮಳೆ ಬಂದ ಮರುದಿನ ಪಾಚಿ ಕಟ್ಟಿದ ಇಳಿಜಾರಿನಲ್ಲಿ ಮಕ್ಕಳ ಕೈ ಬಿಡಬೇಡಿ.

ಮೂರನೆಯ ಹಂತ: ಗೋಪುರದ ಬಳಿ

ನೆತ್ತಿಯ ಮೇಲಿನ ಗೋಪುರ ಗಾತ್ರದಲ್ಲಿ ಚಿಕ್ಕದು. ಕಲ್ಲಿನ ಕಂಬಗಳ ಮಂಟಪ, ಅದರ ಮೇಲೊಂದು ಶಿಖರ. ಇಂಥವು ಒಟ್ಟು ನಾಲ್ಕು: ಇದು, ಕೆಂಪಾಂಬುಧಿ ಕೆರೆಯ ಬಳಿಯದು, ಹಲಸೂರು ಕೆರೆಯ ಬಳಿಯದು, ಮೇಖ್ರಿ ವೃತ್ತದ ಹತ್ತಿರದ್ದು. ಊರು ಇಷ್ಟರವರೆಗೆ ಬೆಳೆಯಲಿ ಎಂದು ಗುರುತಿಟ್ಟದ್ದು ಎನ್ನುವುದು ಜನರ ಮಾತು. ಕಟ್ಟಿಸಿದವರು 1537ರಲ್ಲಿ ಕೋಟೆ ಕಟ್ಟಿದ ಕೆಂಪೇಗೌಡರೋ ಅವರ ನಂತರದ ಇಮ್ಮಡಿ ಕೆಂಪೇಗೌಡರೋ ಎಂಬುದರಲ್ಲಿ ಬರೆದವರೆಲ್ಲ ಒಂದೇ ಮಾತು ಹೇಳುವುದಿಲ್ಲ. ಊರಂತೂ ನಾಲ್ಕನ್ನೂ ನುಂಗಿ ಮುಂದೆ ಹೋಗಿದೆ.

ಇಲ್ಲಿ ಮಾಡಬಹುದಾದ ಒಂದು ಲೆಕ್ಕ ನನಗೆ ಬಹಳ ಇಷ್ಟ. ಗೋಪುರದ ಪಕ್ಕ ನಿಂತು ನಿಮ್ಮ ಸ್ಥಾನವನ್ನು ಬರೆದುಕೊಳ್ಳಿ. ನಕ್ಷೆಯಲ್ಲಿ ಮೇಖ್ರಿ ವೃತ್ತದ ಗೋಪುರದ ಸ್ಥಾನವನ್ನು ತೆಗೆಯಿರಿ. ಎರಡರ ರೇಖಾಂಶ ಹೆಚ್ಚುಕಡಿಮೆ ಒಂದೇ, ಅಂದರೆ ಅದು ಬಹುಪಾಲು ನೇರ ಉತ್ತರಕ್ಕಿದೆ. ಅಕ್ಷಾಂಶಗಳ ವ್ಯತ್ಯಾಸವನ್ನು ಮಿನಿಟುಗಳಲ್ಲಿ ತೆಗೆದು 1.85ರಿಂದ ಗುಣಿಸಿದರೆ ಹತ್ತಿರಹತ್ತಿರ ಏಳು ಕಿಲೋಮೀಟರ್ ಬರುತ್ತದೆ. ಆ್ಯಪ್‌ನ ಉತ್ತರಕ್ಕೆ ಹೋಲಿಸಿ ನೋಡಲಿ, ಮಕ್ಕಳಿಗೆ ಮಿನಿಟು ಎಂಬುದು ಮತ್ತೆಂದೂ ಮರೆಯುವುದಿಲ್ಲ.

ಗೋಪುರದ ಕಂಬ, ಸಂದು, ತಳಪಾಯಗಳಲ್ಲಿ ಬೆರಳಾಡಿಸಿ ಹುಡುಕಬೇಡಿ. ಪ್ರಕಟವಾದ ಕ್ಯಾಶ್‌ನ ಸುಳಿವು ಅಲ್ಲಿಗೇ ಬೊಟ್ಟು ಮಾಡಿದರೂ ಬೇಡ. ಹುಡುಕುವುದರ ಬದಲು ಆ ಬಗ್ಗೆ ಜಾಲತಾಣದ ಪರಿಶೀಲಕರಿಗೆ ತಿಳಿಸಿ.

ಡಬ್ಬಿ ಹುಡುಕುವುದಾದರೆ

ತೋಟದ ಹೊರಗಿನ ರಸ್ತೆಗಳಲ್ಲೋ ಬೇರೆ ಬಡಾವಣೆಯಲ್ಲೋ ಸಾಂಪ್ರದಾಯಿಕ ಕ್ಯಾಶ್ ಹುಡುಕುವುದಾದರೆ, ಹತ್ತು ಮೀಟರ್ ಹತ್ತಿರವಾದೊಡನೆ ಫೋನನ್ನು ಜೇಬಿಗೆ ಹಾಕಿ. ನೀವೇ ಬಚ್ಚಿಡುವುದಾಗಿದ್ದರೆ ಎಲ್ಲಿ ಇಡುತ್ತಿದ್ದಿರಿ ಎಂದು ಯೋಚಿಸಿ. ಕಬ್ಬಿಣದ ಕಂಬಿಯ ಹಿಂಬದಿಗೆ ಆಯಸ್ಕಾಂತದಿಂದ ಅಂಟಿರಬಹುದು, ಕಲ್ಲುಬೆಂಚಿನ ಅಡಿಯಲ್ಲಿರಬಹುದು. ನೆಲ ಅಗೆಯಬೇಡಿ, ಜಾಗದ ಒಡೆಯರ ಅನುಮತಿಯಿಲ್ಲದೆ ಅಗೆದು ಹೂಳುವುದು ನಿಯಮಬಾಹಿರ. ಸಿಕ್ಕಿದ ಮೇಲೆ ಹೆಸರು ಬರೆದು, ಪ್ಲಾಸ್ಟಿಕ್ ಚೀಲದ ಬಾಯಿ ಗಾಳಿ ತೆಗೆದು ಮುಚ್ಚಿ. ಬೆಂಗಳೂರಿನ ಮಳೆಗೆ ಮೊದಲು ಬಲಿಯಾಗುವುದು ಅರ್ಧ ಮುಚ್ಚಿದ ಚೀಲದೊಳಗಿನ ಕಾಗದ. ಒಳಗಿನ ವಸ್ತುವೊಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡುವುದು ಮರ್ಯಾದೆ.

ಪೊದೆ, ಬೆಂಚುಗಳ ಕೆಳಗೆ ಬಗ್ಗಿ ನೋಡುವವರನ್ನು ಕಾವಲುಗಾರರು ವಿಚಾರಿಸುವುದು ಸಹಜ, ಅವರ ಕೆಲಸವೇ ಅದು. ನುಣುಚಿಕೊಳ್ಳಬೇಡಿ. “ಅಣ್ಣಾ, ಮೊಬೈಲಿನಲ್ಲಿ ಜಾಗ ಹುಡುಕುವ ಆಟ ಇದು, ನೋಡಿ” ಎಂದು ಪರದೆಯನ್ನೇ ತೋರಿಸಿ. ಬೇಡ ಎಂದರೆ ವಾದ ಮಾಡದೆ ಹೊರಡಿ. ವಾರಸುದಾರರಿಲ್ಲದ ಪೊಟ್ಟಣ ಕಂಡರೆ ಪೊಲೀಸರಿಗೆ ಫೋನು ಹೋಗುವ ಊರು ಇದು. ಆದ್ದರಿಂದ ಮುಂದೆ ನೀವೇ ಡಬ್ಬಿ ಇಡುವುದಾದರೆ ಒಳಗೇನಿದೆ ಎಂದು ಕಾಣುವ ಪಾರದರ್ಶಕ ಡಬ್ಬಿ ಬಳಸಿ, ಆಟದ ಹೆಸರನ್ನು ಕನ್ನಡದಲ್ಲೂ ಬರೆದಿಡಿ, ಜಾಗದ ಒಡೆಯರ ಅನುಮತಿ ಪಡೆಯಿರಿ. ಲಾಲ್‌ಬಾಗ್‌ ಮಟ್ಟಿಗೆ ಅದು ತೋಟಗಾರಿಕೆ ಇಲಾಖೆ. ಬೇರೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರವಿರಬೇಕು ಎಂಬುದು ಇನ್ನೊಂದು ನಿಯಮ.

ಮನೆಗೆ ಬಂದ ಮೇಲೆ

ಅರ್ಥ್‌ಕ್ಯಾಶ್ ಆಗಿದ್ದರೆ ಉತ್ತರಗಳನ್ನು ಅದರ ಮಾಲೀಕರಿಗೆ ಸಂದೇಶವಾಗಿ ಕಳುಹಿಸಿ, ಜಾಲತಾಣದಲ್ಲಿ ಎಲ್ಲರಿಗೂ ಕಾಣುವ, ಹುಡುಕಾಟದ ಅನುಭವ ಬರೆಯುವ ಲಾಗ್‌ನಲ್ಲಿ ಬರೆದುಬಿಡಬೇಡಿ. ಲಾಗ್ ಕನ್ನಡದಲ್ಲೇ ಬರೆಯಬಹುದು. ‘ಸಿಕ್ಕಿತು, ಧನ್ಯವಾದ’ ಎಂಬ ಎರಡು ಪದಕ್ಕೆ ನಿಲ್ಲಿಸದೆ ಬಂಡೆಯ ಯಾವ ಮಡಿಕೆ ಕಂಡಿತು, ಕೆರೆಯಲ್ಲಿ ನೀರೆಷ್ಟಿತ್ತು ಎಂದು ಬರೆದರೆ ಮುಂದೆ ಬರುವವರಿಗೆ ಉಪಯೋಗ. ಸಿಗದಿದ್ದರೆ ‘ಸಿಗಲಿಲ್ಲ’ ಎಂದೂ ದಾಖಲಿಸಿ, ಮಾಲೀಕರಿಗೆ ಡಬ್ಬಿಯ ಸ್ಥಿತಿ ತಿಳಿಯುವುದು ಅದರಿಂದಲೇ.

ರುಚಿ ಹತ್ತಿದರೆ ಮುಂದಿನ ವಾರಕ್ಕೆ ಉಳಿದ ಗೋಪುರಗಳಿವೆ. ಕೆಂಪಾಂಬುಧಿಯ ಗೋಪುರವನ್ನು ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನದ ಜೊತೆ ಸೇರಿಸಿ ನೋಡಬಹುದು. ಹಲಸೂರು ಕೆರೆಯ ಸುತ್ತ ಸೇನೆಗೆ ಸೇರಿದ ಪ್ರದೇಶವಿರುವುದರಿಂದ ಅಲ್ಲಿ ಬೇಲಿ, ಗೋಡೆಗಳ ಹತ್ತಿರ ತಡಕಾಟ, ಫೋಟೋ ಎರಡೂ ಬೇಡ. ಕೆರೆಯ ಜೊತೆ ಶಾಸನವೂ ಬೇಕೆನ್ನುವವರು ಬೇಗೂರಿಗೆ ಹೋಗಿ, ‘ಬೆಂಗಳೂರು’ ಎಂಬ ಹೆಸರು ಕಾಣುವ ಒಂಬತ್ತನೆಯ ಶತಮಾನದ ಕಲ್ಲು ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿದೆ. ಮೇಖ್ರಿ ವೃತ್ತದ ಗೋಪುರಕ್ಕೆ ಮಾತ್ರ ಬಸ್ಸಿನಲ್ಲೇ ಹೋಗಿ. ಅಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದಕ್ಕೆ 5ಕ್ಕೆ 5 ಕಷ್ಟದ ಅಂಕ ಕೊಡಬೇಕಾಗುತ್ತದೆ.